ಕೊಂಬಿನ ಮೇಲಿನ ಕೈ

ನಮ್ಮತ್ತೆ ಅಂಬುಜಮ್ಮನವರು ಮೈಸೂರಿನಿಂದ ಅಬುಧಾಬಿಗೆ ಬಂದಿಳಿದು ವಾರ ಕಳೆಯುವಷ್ಟರಲ್ಲಿ ನಮ್ಮ ಕಟ್ಟಡದ ಕನ್ನಡದವರಿಗೆಲ್ಲ ಒಂದು ಸುದ್ದಿ ಮುಟ್ಟಿತ್ತು. ಅವರ ಮಗ ಶಾಮಸುಂದರ ಕಾಡುಪ್ರಾಣಿಗಳನ್ನು ಉಳಿಸುವ ಕೆಲಸದಲ್ಲಿದ್ದಾನೆ ಎಂಬುದೇ ಆ ಸುದ್ದಿ. ಲಿಫ್ಟಿನಲ್ಲಿ ಸಿಕ್ಕವರಿಗೂ ಹೇಳಿದರು, ಕೆಳಗಿನ ಬಕಾಲಾ ಅಂಗಡಿಯಲ್ಲಿ ಮೊಸರು ಕೊಳ್ಳಲು ನಿಂತವರಿಗೂ ಹೇಳಿದರು. ಅಂಗಡಿಯ ಮಲಯಾಳಿಗೆ ಕನ್ನಡ ಬಾರದು. ಅವನಿಗೂ ಹೇಳಿದರು.

"ಇಲ್ಲಿ ಎಲ್ರೂ ಎಣ್ಣೆ, ಸಿಮೆಂಟು ಅಂತ ಓಡಾಡ್ತಾರೆ. ನಮ್ಮ ಶಾಮು ಮಾತ್ರ ಮೂಕಪ್ರಾಣಿಗಳಿಗೋಸ್ಕರ ದುಡೀತಾನೆ" ಎನ್ನುವಾಗ ಅವರ ಮುಖ ನೋಡಬೇಕಿತ್ತು. ನಮ್ಮವರು ಆಗೆಲ್ಲ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂರುತ್ತಿದ್ದರು.

ಅತ್ತೆ ಹೇಳಿದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಮ್ಮವರು ಇದ್ದದ್ದು ಬೇಟೆ ಪ್ರವಾಸ ಏರ್ಪಡಿಸುವ ಒಂದು ಕಂಪನಿಯಲ್ಲಿ. ಇಲ್ಲಿನ ದುಡ್ಡಿದ್ದವರು ಚಳಿಗಾಲ ಬಂತೆಂದರೆ ಮಧ್ಯ ಏಷ್ಯಾದ ಒಂದು ಬೆಟ್ಟದ ಕಣಿವೆಗೆ ಹೋಗಿ, ಸುರುಳಿ ಕೊಂಬಿನ ಕಾಡುಮೇಕೆಯನ್ನು ಹೊಡೆದು, ಕೊಂಬನ್ನು ಮನೆಗೆ ತಂದು ಗೋಡೆಗೆ ಹಾಕಿಕೊಳ್ಳುತ್ತಾರೆ. ಹಾಗೆ ಹೊಡೆಯುವುದಕ್ಕೆ ಒಂದು ಪರ್ಮಿಟ್ಟು ಬೇಕು. ಆ ಪರ್ಮಿಟ್ಟಿನ ಬೆಲೆ ಕೇಳಿದರೆ ನನ್ನಂಥವಳಿಗೆ ತಲೆ ತಿರುಗುತ್ತದೆ. ಹಿಂದೆ ಆ ಕಣಿವೆಯವರು ಹಸಿವಿಗೆ ಸಿಕ್ಕ ಸಿಕ್ಕ ಮೇಕೆಯನ್ನು ಹೊಡೆದು ತಿಂದು, ಮೇಕೆಗಳ ಸಂತಾನವೇ ಮುಗಿಯುತ್ತ ಬಂದಿತ್ತಂತೆ. ಈಗ ವರ್ಷಕ್ಕೆ ಬೆರಳೆಣಿಕೆಯ ಪರ್ಮಿಟ್ಟು, ಅದೂ ಮುದಿ ಗಂಡು ಮೇಕೆಗೆ ಮಾತ್ರ. ಬಂದ ಶುಲ್ಕದಲ್ಲಿ ದೊಡ್ಡ ಪಾಲು ಕಣಿವೆಗೇ ವಾಪಸ್ಸು ಹೋಗುತ್ತದೆ. ಅದರಲ್ಲೇ ಕಾವಲುಗಾರರ ಸಂಬಳ. ಮೇಲಿನ ಹುಲ್ಲುಗಾವಲಿಗೆ ಕುರಿ ಹೊಡೆದುಕೊಂಡು ಬರಬೇಡಿ ಎಂದು ಕುರುಬರಿಗೆ ಕೊಡುವ ಪರಿಹಾರವೂ ಅದರಲ್ಲೇ. ಮೊದಲು ಕದ್ದು ಹೊಡೆಯುತ್ತಿದ್ದವರೇ ಈಗ ಕಾಯುತ್ತಾರೆ.

ಈ ಏರ್ಪಾಡನ್ನು ಕಂಪನಿಯ ಮಾಲೀಕರ ಬೆನ್ನುಬಿದ್ದು ಮಾಡಿಸಿದವರು ನಮ್ಮವರೇ. ಯಾವ ವರ್ಷ ಎಷ್ಟು ಮೇಕೆ ಹೊಡೆಯಬಹುದು ಎಂದು ಕಣಿವೆಯವರ ಜೊತೆ ಕೂತು ತೀರ್ಮಾನಿಸುವವರೂ ಅವರೇ. ಪ್ರತಿ ಚಳಿಗಾಲ ಮೇಕೆ ಎಣಿಸಲು ಹೋಗಿ ಮೂಗಿನ ತುದಿ ಸುಲಿದುಕೊಂಡು ಬರುತ್ತಿದ್ದರು. "ಮರಿಗಳು ಜಾಸ್ತಿಯಾಗಿವೆ ಕಣೇ" ಎನ್ನುವಾಗ ತಾವೇ ಹೆತ್ತವರ ಹಾಗೆ ಬೀಗುತ್ತಿದ್ದರು. ನನಗೂ ಅದು ಹೆಮ್ಮೆಯ ವಿಷಯವೇ ಆಗಿತ್ತು.

ಆದರೆ ಏಕಾದಶಿ ತಪ್ಪಿಸದ, ಈರುಳ್ಳಿಯನ್ನೂ ಒಳಗೆ ಸೇರಿಸದ ಮನೆಯಲ್ಲಿ ಹುಟ್ಟಿ "ಬೇಟೆ" ಎಂಬ ಮಾತನ್ನು ಬಾಯಲ್ಲಿ ಆಡುವುದು ಹೇಗೆ? ಕೆಲಸಕ್ಕೆ ಸೇರಿದಾಗ ಫೋನಿನಲ್ಲಿ ಅಮ್ಮನಿಗೆ "ಪ್ರಾಣಿ ಉಳಿಸೋ ಕೆಲಸ" ಎಂದಿದ್ದರು. ಉಳಿದದ್ದನ್ನು ನುಂಗಿದರು.

"ರೀ, ಹೇಳಿಬಿಡಿ, ಎಷ್ಟು ವರ್ಷ ಮುಚ್ಚಿಡ್ತೀರಿ?" ಎಂದರೆ, "ಅಮ್ಮ ಊಟ ಬಿಟ್ಟು ಕೂತ್ಕೋತಾಳೆ. ಸುಮ್ನಿರು" ಎನ್ನುತ್ತಿದ್ದರು.

ಅದೇ ಕಂಪನಿಯಲ್ಲಿ ಅಬ್ದುಲ್ ಖಾದಿರ್ ಇದ್ದರು. ಭಟ್ಕಳದವರು. ವೀಸಾ, ಟಿಕೆಟ್, ಜೀಪು, ಗುಡಾರ, ಇವು ಅವರ ಪಾಲಿನ ಕೆಲಸ. ಎಷ್ಟು ಮೇಕೆ, ಯಾವ ಮೇಕೆ ಎಂಬುದಕ್ಕೂ ಅವರಿಗೂ ಏನೂ ಸಂಬಂಧವಿರಲಿಲ್ಲ. ನಮ್ಮವರು ಮಾತಾಡದಿದ್ದಲ್ಲೆಲ್ಲ ಅವರೇ ಮಾತಾಡುತ್ತಿದ್ದರು, ಅದೂ ದೊಡ್ಡ ಗಂಟಲಲ್ಲಿ. "ಶಾಮಣ್ಣ, ನಿಮ್ಮ ಮೇಕೆಗಳಿಗೆ ಪಾಸ್‌ಪೋರ್ಟ್ ಮಾಡಿಸ್ಲಿಕ್ಕುಂಟಾ ಹೇಳಿ, ನಾನೇ ಮಾಡಿಸ್ತೇನೆ" ಎಂದು ರೇಗಿಸುತ್ತಿದ್ದರು. ಊರಾಚೆಯ ಬನಿಯಾಸಿನಲ್ಲಿ ಅವರ ಮನೆ. ಅವರ ಮಗಳು ಶಾಝಿಯಾ, ನಮ್ಮ ಮಗಳು ಪ್ರಾರ್ಥನಾ ಒಂದೇ ಕ್ಲಾಸು, ಒಂದೇ ಬೆಂಚು.

ಆ ಚಳಿಗಾಲ, ಎರಡು ಸಾವಿರದ ಮೂರನೇ ಇಸವಿ, ನಮ್ಮವರು ಕಣಿವೆಯಲ್ಲಿದ್ದಾಗ ಅತ್ತೆ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದರು. ಖಾದಿರ್ ಅವರಿಗೆ ಫೋನ್ ಮಾಡಿದೆ. ಬನಿಯಾಸಿನಿಂದ ಓಡಿಬಂದು, ಅತ್ತೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಆಸ್ಪತ್ರೆಗೆ ಸೇರಿಸಿ, ಸಂಜೆಯವರೆಗೂ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಅತ್ತೆ ಮನೆಗೆ ಬಂದ ಮೇಲೆ ಖಾದಿರ್ ಅವರ ಹೆಂಡತಿ ಸಾಲಿಹಾ ಒಂದು ಸ್ಟೀಲಿನ ಡಬ್ಬಿಯಲ್ಲಿ ತೆಂಗಿನಹಾಲು, ಬೆಲ್ಲ ಹಾಕಿದ ಶಾವಿಗೆ ತಂದರು. ಡಬ್ಬಿಯ ತಳದಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

"ಅಮ್ಮ, ಈ ಡಬ್ಬಿ, ಮಾಡಿದ ಪಾತ್ರೆ ಎಲ್ಲ ಹೊಸತು. ಇದ್ರಲ್ಲಿ ನಾವು ಎಂತದೂ ಮಾಡ್ಲಿಲ್ಲ. ನಿಮಗೇ ಅಂತ ತಂದದ್ದು" ಎಂದರು ಸಾಲಿಹಾ.

ತಂಗಿಯ ಮನೆಯಲ್ಲೂ ಮಡಿ ವಿಚಾರಿಸದೆ ನೀರು ಮುಟ್ಟದ ನಮ್ಮತ್ತೆ ಡಬ್ಬಿಯನ್ನು ಒಂದು ಗಳಿಗೆ ನೋಡಿದರು. ಆಮೇಲೆ ಎರಡು ಸಲ ಹಾಕಿಸಿಕೊಂಡು ತಿಂದರು. ನಾನು ಬೆರಗಾಗಿ ನಿಂತಿದ್ದೆ.

ಯುಗಾದಿ ಹತ್ತಿರ ಬಂದಾಗ ಕನ್ನಡ ಸಂಘದ ಕಾರ್ಯದರ್ಶಿ ಶ್ರೀನಿಧಿ ಮನೆಗೆ ಬಂದರು. ಅತ್ತೆಯ ಪ್ರಚಾರ ಅಲ್ಲಿಗೂ ತಲುಪಿತ್ತು. "ಸರ್, ಈ ಸಲ ಸನ್ಮಾನ ನಿಮಗೇ. ವನ್ಯಜೀವಿ ರಕ್ಷಕರು ನಮ್ಮ ನಡುವೆ ಇದ್ದೂ ನಮಗೆ ಗೊತ್ತೇ ಇರ್ಲಿಲ್ಲ" ಎಂದರು. ನಮ್ಮವರು "ಬೇಡಪ್ಪ, ನಾನೇನು ಮಹಾ" ಎಂದರು. ಯಾರೂ ನಂಬದ ಹಾಗೆ ಬೇಡ ಅನ್ನುವುದು ಒಂದು ಕಲೆ. ಅತ್ತೆಯ ಕಣ್ಣಲ್ಲಿ ನೀರು ಬಂತು. ಅಲ್ಲಿಗೆ ಮುಗಿಯಿತು.

ಬ್ಯಾನರಿಗೆ ಒಂದು ಮೇಕೆಯ ಫೋಟೋ ಬೇಕಾಯಿತು. ಇಲ್ಲೇ ಎಡವಟ್ಟಾದದ್ದು. ಬೆಟ್ಟದ ಮೇಕೆ ಯಾರಿಗೂ ಹತ್ತಿರ ನಿಂತು ಪೋಸು ಕೊಡುವುದಿಲ್ಲ. ನಮ್ಮವರು ತೆಗೆದ ಫೋಟೋಗಳಲ್ಲಿ ಅದು ಬಂಡೆಯ ಮೇಲಿನ ಚುಕ್ಕಿ. ಚೆನ್ನಾಗಿ, ದೊಡ್ಡದಾಗಿ ಕಾಣುವ ಫೋಟೋಗಳು ಇದ್ದದ್ದು ಕಂಪನಿಯ ಕ್ಯಾಟಲಾಗಿನಲ್ಲಿ ಮಾತ್ರ. ಅವೆಲ್ಲ ಬೇಟೆಯಾದ ಮೇಲೆ ತೆಗೆದವು. ಹೊಡೆದ ಪ್ರಾಣಿಯ ಕಾಲು ಮಡಿಸಿ ಕೂರಿಸುತ್ತಾರೆ, ದವಡೆಯ ಕೆಳಗೆ ಕಲ್ಲು ಇಟ್ಟು ತಲೆ ಎತ್ತಿ ನಿಲ್ಲಿಸುತ್ತಾರೆ, ಮೂಗಿನ ರಕ್ತ ಒರೆಸಿ ನಾಲಗೆ ಒಳಗೆ ತಳ್ಳುತ್ತಾರೆ, ಪಕ್ಕದಲ್ಲಿ ಬೇಟೆಗಾರ ಮಂಡಿಯೂರಿ ಕೂತು ಹಲ್ಲು ಕಿರಿಯುತ್ತಾನೆ. ಅಂಥ ಒಂದು ಫೋಟೋ ಆರಿಸಿ, ಕಂಪ್ಯೂಟರಿನಲ್ಲಿ ಬೇಟೆಗಾರನನ್ನು ಕತ್ತರಿಸಿ ತೆಗೆದರು. ನಾನು ಹಿಂದೆ ನಿಂತು ನೋಡುತ್ತಿದ್ದೆ.

"ರೀ, ಸತ್ತದ್ದಲ್ವಾ ಇದು?" ಎಂದೆ.

"ಯಾರಿಗೆ ಗೊತ್ತಾಗುತ್ತೆ?" ಎಂದರು. ನಾನೂ ಬಾಯಿ ಮುಚ್ಚಿಕೊಂಡೆ. ಗಂಡನಿಗೆ ಶಾಲು ಹೊದಿಸುವಾಗ ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಟು ನಿಲ್ಲುವ ಆಸೆ ನನಗೂ ಇತ್ತು, ಸುಳ್ಳೇಕೆ ಹೇಳಲಿ.

ಸಮಾರಂಭದ ದಿನ ಬ್ಯಾನರು ವೇದಿಕೆಯ ಉದ್ದಕ್ಕೂ ತೂಗುತ್ತಿತ್ತು. ಮೇಕೆ ಗಂಭೀರವಾಗಿ ಕೂತು ಸಭೆಯನ್ನೇ ನೋಡುತ್ತಿದ್ದ ಹಾಗಿತ್ತು. ಚಿಕ್ಕ ಫೋಟೋದಲ್ಲಿ ಯಾರಿಗೂ ಕಾಣದ ಒಂದು ವಸ್ತು ಈಗ ನನ್ನ ಕಣ್ಣಿಗೆ ಬಿತ್ತು. ಎಡಗೊಂಬಿನ ಮೇಲೆ ನಾಲ್ಕು ಬೆರಳು. ಬೇಟೆಗಾರನನ್ನು ಕತ್ತರಿಸಿದ್ದರು, ಅವನ ಕೈ ಉಳಿದುಬಿಟ್ಟಿತ್ತು. ಒಂದೊಂದು ಬೆರಳೂ ಸೌತೆಕಾಯಿಯಷ್ಟು ದೊಡ್ಡದಾಗಿತ್ತು.

ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ನಮ್ಮವರು ಮಾತಾಡಿದರು. ಹುಲ್ಲುಗಾವಲು, ಕಾವಲುಗಾರರು, ಹೆಚ್ಚುತ್ತಿರುವ ಮರಿಗಳು ಎಲ್ಲ ಬಂತು. ದುಡ್ಡು ಎಲ್ಲಿಂದ ಬರುತ್ತದೆ ಎಂಬುದು ಬರಲಿಲ್ಲ. ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮೂರನೇ ಸಾಲಿನಲ್ಲಿ ಖಾದಿರ್, ಸಾಲಿಹಾ, ಶಾಝಿಯಾ ಕೂತಿದ್ದರು. ಸಾಲಿಹಾ ಅವರ ತೊಡೆಯ ಮೇಲೆ ನಾವು ಹಿಂದಿರುಗಿಸಿದ್ದ ಅದೇ ಸ್ಟೀಲಿನ ಡಬ್ಬಿ. ಹಬ್ಬಕ್ಕೆಂದು ಅತ್ತೆಗೆ ಮತ್ತೆ ಶಾವಿಗೆ ತಂದಿದ್ದರು.

ಆಗ ಹಿಂದಿನಿಂದ ಜುವಾಕಿಂ ಎದ್ದರು. ಮಂಗಳೂರಿನ ಕಡೆಯವರು, ಬಂದರಿನಲ್ಲಿ ಕ್ರೇನ್ ವಿಭಾಗದಲ್ಲಿದ್ದವರು, ಮನಸ್ಸಲ್ಲಿ ಏನೂ ಇಟ್ಟುಕೊಳ್ಳದ ಮನುಷ್ಯ. "ಒಂದು ಡೌಟುಂಟು. ಆ ಮೇಕೆ ಸತ್ತದ್ದಲ್ವಾ? ನಮ್ಮಪ್ಪ ಹಂದಿ ಹೊಡೆದ್ರೆ ಹೀಗೇ ಕೂರಿಸಿ ಫೋಟೋ ತೆಗೆಸ್ತಿದ್ರು. ನೋಡಿ, ಕೊಂಬು ಹಿಡ್ಕೊಂಡ ಕೈ ಉಂಟು. ಜೀವ ಇದ್ದ ಕಾಡುಮೇಕೆ ಕೊಂಬು ಹಿಡೀಲಿಕ್ಕೆ ಬಿಡ್ತದಾ ಮಾರಾಯ್ರೆ?"

ಸಭೆಯಲ್ಲಿ ಎಲ್ಲರ ಕತ್ತೂ ಬ್ಯಾನರಿನ ಕಡೆ ತಿರುಗಿತು. ಮುನ್ನೂರು ಜನ ಒಟ್ಟಿಗೆ ಆ ಬೆರಳುಗಳನ್ನು ನೋಡಿದರು. ಅತ್ತೆಯೂ ನೋಡಿದರು. "ಶಾಮು, ಹೌದೇನೋ?" ಎಂದರು, ಅಲ್ಲಿಂದಲೇ.

ಆಗ ಹೇಳಬಹುದಿತ್ತು. ಹೇಳುವುದಕ್ಕೆ ಅಂಥ ಒಳ್ಳೆಯ ಮಾತಿತ್ತು ಇವರ ಹತ್ತಿರ! ಹೌದು, ಸತ್ತದ್ದು. ಇದೊಂದು ಸತ್ತದ್ದಕ್ಕೆ ಬಂದ ದುಡ್ಡಿನಲ್ಲಿ ಇಡೀ ಹಿಂಡು ಬದುಕಿದೆ ಎಂದು ಎದೆ ತಟ್ಟಿ ಹೇಳಬಹುದಿತ್ತು. ನಮ್ಮವರ ಮುಖ ಪೇಟದ ಕೆಳಗೆ ಬೆವರಿತು. ಮೈಕಿನ ಕಡೆ ಬಗ್ಗಿದರು.

"ಆ ಫೋಟೋ... ಅದು ನಮ್ಮ ಆಫೀಸಿನ ಖಾದಿರ್ ಅವರ ಕಡೆಯಿಂದ ಬಂದದ್ದು. ಬೇಟೆ ವಿಭಾಗ ಅವರದು. ನನಗೂ ಅದಕ್ಕೂ ಸಂಬಂಧ ಇಲ್ಲ. ನಾನು ಸಂರಕ್ಷಣೆಯ ಕಡೆ ಅಷ್ಟೇ."

ಮುನ್ನೂರು ಕತ್ತುಗಳು ಈಗ ಮೂರನೇ ಸಾಲಿಗೆ ತಿರುಗಿದವು. ನನ್ನ ಹಿಂದೆ ಯಾರೋ ಒಬ್ಬರು, ಪಿಸುಮಾತೆಂದು ತಿಳಿದು, "ಅವರಿಗೆ ಕಡಿಯೋದು ಅಭ್ಯಾಸ ತಾನೇ" ಎಂದರು. ಇನ್ನೊಬ್ಬರು ಕಿಸಕ್ಕೆಂದರು.

ಖಾದಿರ್ ಎದ್ದು ನಿಂತರು. ವೇದಿಕೆಯ ಕಡೆ ನೋಡಿದರು, ಅತ್ತೆಯ ಕಡೆ ನೋಡಿದರು. ಆಮೇಲೆ ಎದೆಯ ಮೇಲೆ ಕೈಯಿಟ್ಟು, "ಹೌದು, ಹೌದು. ಅದು ನಮ್ಮ ಕಡೆಯ ಕೆಲಸ. ಶಾಮಣ್ಣನಿಗೆ ಎಂತ ಗೊತ್ತಿಲ್ಲ" ಎಂದು ನಕ್ಕು ಕೂತರು. ಶ್ರೀನಿಧಿ ಚಪ್ಪಾಳೆ ಶುರು ಮಾಡಿ ಪೇಚು ತಪ್ಪಿಸಿದರು. ಚಪ್ಪಾಳೆ ಜೋರಾಗಿಯೇ ಬಿತ್ತು. ನಾನೂ ತಟ್ಟಿದೆ.

ಊಟದ ಹೊತ್ತಿಗೆ ಖಾದಿರ್ ಅವರ ಮನೆಯವರು ಹೊರಟುಹೋಗಿದ್ದರು. ಡಬ್ಬಿ ಅತ್ತೆಯ ಕುರ್ಚಿಯ ಮೇಲಿತ್ತು.

ಮನೆಗೆ ಬಂದ ಮೇಲೆ ಗಂಡನ ಮುಖ ನೋಡಲು ನನಗೆ ಅಸಹ್ಯವಾಯಿತು. "ಏನ್ರೀ ಮಾಡಿದ್ರಿ ನೀವು?" ಎಂದೆ. "ನನಗೇ ಗೊತ್ತಾಗ್ಲಿಲ್ಲ ಕಣೇ. ಬಾಯಿಗೆ ಬಂದ್ಬಿಡ್ತು. ಖಾದಿರ್ ತಪ್ಪು ತಿಳ್ಕೊಳ್ಳಲ್ಲ" ಎಂದರು. ಆಫೀಸಿನಲ್ಲಿ ಖಾದಿರ್ ಮಾಮೂಲಿನಂತೆ ಮಾತಾಡುತ್ತಿದ್ದಾರೆ ಎಂದು ನಾಲ್ಕಾರು ದಿನ ತಮಗೆ ತಾವೇ ಹೇಳಿಕೊಂಡರು. ಮೇಕೆಗಳ ಪಾಸ್‌ಪೋರ್ಟಿನ ತಮಾಷೆ ಮಾತ್ರ ನಿಂತಿದೆ ಎಂದು ಒಂದು ಸಂಜೆ ಅವರೇ ಬಾಯಿಬಿಟ್ಟರು.

ಅತ್ತೆಗೆ ಬೇರೆಯದೇ ಚಿಂತೆ. "ಶಾಮು, ಆ ಖಾದಿರ್ ಎಷ್ಟು ಒಳ್ಳೇ ಹುಡುಗ. ಅವನಿಗೆ ಯಾಕಪ್ಪ ಆ ಪಾಪದ ಕೆಲಸ? ನಿನ್ನ ಕಡೆಗೇ ಹಾಕಿಸ್ಕೊ. ನಾನೇ ಹೋಗಿ ಅವನಿಗೆ ಹೇಳ್ತೀನಿ" ಎಂದರು. ನಮ್ಮವರು ಏನೇನೋ ನೆಪ ತೆಗೆದರು. ಅತ್ತೆ ಬಿಡಲಿಲ್ಲ. ಶುಕ್ರವಾರ ಬೆಳಿಗ್ಗೆಯೇ ಕೊಬ್ಬರಿ ಮಿಠಾಯಿ ಮಾಡಿ ಸಾಲಿಹಾ ಅವರ ಡಬ್ಬಿಯಲ್ಲಿ ತುಂಬಿದರು. ಬಂದ ಪಾತ್ರೆಯನ್ನು ಖಾಲಿ ಕಳಿಸುವ ಪದ್ಧತಿ ನಮ್ಮಲ್ಲಿ ಇಲ್ಲ.

ನಮಾಜಿನ ಹೊತ್ತು ಕಳೆದ ಮೇಲೆ ನಾವು ನಾಲ್ವರೂ ಬನಿಯಾಸಿಗೆ ಹೋದೆವು. ಖಾದಿರ್ ಬಾಗಿಲಲ್ಲೇ "ಬನ್ನಿ ಅಮ್ಮ, ಬನ್ನಿ ಅಕ್ಕ" ಎಂದು ಕರೆದರು. ಸಾಲಿಹಾ ಚಹಾ ತಂದಿಟ್ಟರು. ಶಾಝಿಯಾ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ಪ್ರಾರ್ಥನಾ ಕೂಡ ಅವಳನ್ನು ಹುಡುಕಿಕೊಂಡು ಹೋಗದೆ ನನ್ನ ಪಕ್ಕ ಅಂಟಿ ಕೂತಳು. ಎಂದೂ ಹೀಗಾಗಿರಲಿಲ್ಲ.

ಅತ್ತೆ ಸುತ್ತುಬಳಸದೆ ಶುರು ಮಾಡಿದರು. ಎ.ಸಿ. ಚಳಿಗೆಂದು ಮಗನ ಸನ್ಮಾನದ ಶಾಲನ್ನೇ ಹೊದ್ದುಕೊಂಡಿದ್ದರು. "ನೋಡಪ್ಪ ಖಾದಿರ್, ನನ್ನ ಜೀವ ಉಳಿಸಿದವನು ನೀನು. ಆ ಹಕ್ಕಿನಿಂದ ಹೇಳ್ತೀನಿ. ಆ ಬೇಟೆ ಕೆಲಸ ಬಿಟ್ಬಿಡು. ನಮ್ಮ ಶಾಮು ಕಡೆಗೆ ಬಾ. ಅವನು ಕರ್ಕೋತಾನೆ."

ಖಾದಿರ್ ಚಹಾದ ಲೋಟ ಕೆಳಗಿಟ್ಟರು. ನಮ್ಮವರ ಮುಖವನ್ನು ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ. "ಆಯ್ತು ಅಮ್ಮ. ನೀವು ಹೇಳಿದ ಮೇಲೆ ಬಿಡದೆ ಉಂಟಾ? ಶಾಮಣ್ಣ ಕರೆದ್ರೆ ಬರ್ತೇನೆ" ಎಂದರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಈ ಮನುಷ್ಯ ಇನ್ನೂ ನಮ್ಮ ಸುಳ್ಳನ್ನು ಕಾಯುತ್ತಿದ್ದಾರೆ, ತಮ್ಮ ಮನೆಯಲ್ಲೇ ಕೂತು, ತಮ್ಮ ಹೆಂಡತಿಯ ಎದುರು.

ನಮ್ಮವರು ಲೋಟವನ್ನು ತಟ್ಟೆಯ ಮೇಲೆ ಇಟ್ಟುಬಿಟ್ಟರು. "ಅಮ್ಮ, ಸಾಕು" ಎಂದರು. "ಆ ಫೋಟೋ ಕೊಟ್ಟದ್ದು ನಾನು. ಕತ್ತರಿಸಿದ್ದೂ ನಾನೇ. ಬೇಟೆ ಪರ್ಮಿಟ್ಟು ಮಾರೋದು ನಾನು. ಎಷ್ಟು ಮೇಕೆ ಹೊಡೀಬಹುದು ಅಂತ ಹೇಳೋದೂ ನಾನೇ. ಖಾದಿರ್ ಬರೀ ಟಿಕೆಟ್ಟು, ಜೀಪು ನೋಡ್ಕೋತಾರೆ. ಆ ದುಡ್ಡಿಲ್ದೆ ಅಲ್ಲಿ ಕಾವಲೂ ಇಲ್ಲ, ಹುಲ್ಲೂ ಇಲ್ಲ, ಮರಿಗಳೂ ಇಲ್ಲ. ನಿನಗೆ ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ."

ಅತ್ತೆ ಊಟ ಬಿಡುತ್ತಾರೆ, ಅಳುತ್ತಾರೆ ಎಂದು ನಾನು ಕಾದೆ.

"ನಿಮ್ಮ ತಾತ, ನಮ್ಮಪ್ಪ, ಯಾವ ಕಚೇರೀಲಿ ಗುಮಾಸ್ತರಾಗಿದ್ರು ಅಂತ ಮರೆತ್ಯಾ?" ಎಂದರು. "ಮಹಾರಾಜರ ಬೇಟೆ ಕಾಡಿನ ಕಚೇರೀಲಿ. ದೊರೆಗಳ ಬೇಟೆಗೆ ಅಂತ ಕಾಯ್ದಿದ್ದಕ್ಕೇ ಬಂಡೀಪುರದ ಕಾಡು ಉಳೀತು, ಇಲ್ದಿದ್ರೆ ಎಂದೋ ಸೌದೆ ಆಗಿ ಉರಿದುಹೋಗ್ತಿತ್ತು ಅಂತ ಅಪ್ಪ ಹೇಳ್ತಿದ್ರು. ಆ ಸಂಬಳದ ಅಕ್ಕೀಲೇ ನಾನು ಬೆಳೆದದ್ದು. ನನಗೆ ನೀನು ಹೇಳಿದ್ರೆ ಅರ್ಥ ಆಗ್ತಿರ್ಲಿಲ್ವೇನೋ? ಅದಕ್ಕೆ ಹೆದರಿ, ನನ್ನನ್ನು ಹೊತ್ತುಕೊಂಡು ಓಡಿದವನ ಮೇಲೆ ಹಾಕಿದ್ಯಾ?"

ನಮ್ಮವರು ತಲೆ ತಗ್ಗಿಸಿದರು. ಅಷ್ಟು ವರ್ಷ ಹೆದರಿದ್ದು ಯಾತಕ್ಕೂ ಅಲ್ಲದೆ ಹೋಯಿತು. ಖಾದಿರ್ ಕಡೆ ತಿರುಗಿ, "ತಪ್ಪಾಯ್ತು ಖಾದಿರ್, ಕ್ಷಮಿಸಿ" ಎಂದರು.

"ಖಲಾಸ್, ಬಿಡಿ ಶಾಮಣ್ಣ. ಮುಗೀತು" ಎಂದರು ಖಾದಿರ್.

"ಎಂತ ಮುಗೀತು?" ಎಂದರು ಸಾಲಿಹಾ. ಅದುವರೆಗೂ ಗೋಡೆಗೆ ಒರಗಿ ನಿಂತಿದ್ದವರು. ಗಂಡ ಕಣ್ಣು ಬಿಟ್ಟರೂ ನಿಲ್ಲಿಸಲಿಲ್ಲ. ದನಿ ಏರಿಸಲೂ ಇಲ್ಲ. "ಶಾಮಣ್ಣ, ಇಲ್ಲಿ ಹೇಳಿದ್ರಿ, ಒಳ್ಳೇದಾಯ್ತು. ಇಲ್ಲಿ ಯಾರುಂಟು? ನಾವೇ. ನಮಗೆ ಮೊದಲೇ ಗೊತ್ತುಂಟು. ನೀವು ಮೈಕಲ್ಲಿ ಹೇಳಿದ್ದು ಅಲ್ಲಿ. ಶಾಝಿಯಾ ಶಾಲೆಗೆ ಹೋಗ್ಲಿಕ್ಕೆ ಒಪ್ಪುವುದಿಲ್ಲ. ಅವಳ ಕ್ಲಾಸಲ್ಲಿ ಅವಳನ್ನು 'ಗೋಟ್ ಕಿಲ್ಲರ್' ಅಂತಾರೆ. ಹಾಗೆ ಕರೆಯುವುದು ನಿಮ್ಮ ಸಂಘದ ಮಕ್ಕಳೇ."

ನಾನು ಪ್ರಾರ್ಥನಾಳನ್ನು ನೋಡಿದೆ. ಅವಳು ತನ್ನ ಚಪ್ಪಲಿ ನೋಡುತ್ತಿದ್ದಳು. ಕರೆದವರಲ್ಲಿ ಇವಳೂ ಒಬ್ಬಳು ಎಂದು ಆಗಲೇ ಗೊತ್ತಾಯಿತು. ಒಂದೇ ಬೆಂಚಿನ ಗೆಳತಿ! ಹೊಡೆದುಬಿಡಬೇಕು ಅನ್ನಿಸಿತು. ಆದರೆ ಕಲಿಸಿಕೊಟ್ಟವರು ನಾವೇ ಅಲ್ಲವೇ.

ಹೊರಡುವ ಮುಂಚೆ ಅತ್ತೆ ಡಬ್ಬಿಯನ್ನು ಸಾಲಿಹಾ ಅವರ ಕೈಗಿತ್ತರು. ಸಾಲಿಹಾ ಅದನ್ನು ಒಳಗೆ ಒಯ್ದು, ಮಿಠಾಯಿಯನ್ನು ತಮ್ಮ ತಟ್ಟೆಗೆ ಸುರಿದುಕೊಂಡು, ಡಬ್ಬಿಯನ್ನು ತೊಳೆದು, ಒರೆಸಿ ತಂದು, ವಾಪಸ್ಸು ಅತ್ತೆಯ ಕೈಯಲ್ಲೇ ಇಟ್ಟರು.

"ಅಮ್ಮ, ಇದು ನಿಮಗೇ ಅಂತ ತಂದದ್ದಲ್ವಾ. ನೀವೇ ಇಟ್ಕೊಳ್ಳಿ. ನಮ್ಮಲ್ಲಿ ಇದಕ್ಕೆ ಇನ್ನು ಬೇರೆ ಕೆಲಸ ಇಲ್ಲ."

ಮಾತು ಮರ್ಯಾದೆಯದೇ. ಖಾಲಿ ಡಬ್ಬಿ ಹಿಡಿದುಕೊಂಡು ಅತ್ತೆ ಮೆಟ್ಟಿಲು ಇಳಿಯುವುದನ್ನು ನೋಡಿ ನನಗೆ ಅಳು ಬಂತು.

ಕಾರಿನಲ್ಲಿ ಅತ್ತೆ ಶಾಲು ತೆಗೆದು ಮಡಿಸಿ ಕಾಲ ಕೆಳಗಿನ ಚೀಲಕ್ಕೆ ತುರುಕಿದರು. "ಸಂಘದ ಮುಂದಿನ ಸಭೆ ಯಾವಾಗ?" ಎಂದರು.

"ರಾಜ್ಯೋತ್ಸವಕ್ಕೆ ಅಮ್ಮ. ಅಷ್ಟರಲ್ಲಿ ನೀನು ಊರಲ್ಲಿರ್ತೀಯ."

"ನಾನಿರೋದು ಬೇಡ. ಜನ ಇದ್ರೆ ಸಾಕು. ಅದೇ ಮೈಕಲ್ಲಿ ಹೇಳು. ಹೇಳಿದ ಮೇಲೆ ಈ ಡಬ್ಬಿ ತುಂಬಿಸ್ಕೊಂಡು ಅವರ ಮನೆಗೆ ಹೋಗು. ಅಲ್ಲಿವರೆಗೂ ಇದ್ರಲ್ಲಿ ಏನೂ ಹಾಕಬೇಡಿ."

ನಮ್ಮವರು ಹೂಂ ಎಂದರು. ನನಗೆ ತಡೆಯಲಾಗಲಿಲ್ಲ. ರಾಜ್ಯೋತ್ಸವ ದೊಡ್ಡವರ ವಾಯಿದೆ, ಆ ಮಗು ಶಾಲೆಗೆ ಹೋಗಬೇಕಾದದ್ದು ನಾಳೆ. ಹಿಂದಿನ ಸೀಟಿನಲ್ಲಿ ಮಗಳ ಕಡೆ ತಿರುಗಿದೆ. "ನೀನು ನಾಳೆಯೇ ಕ್ಲಾಸಲ್ಲಿ ಎಲ್ಲರಿಗೂ ಹೇಳ್ಬೇಕು. ಆ ಕೆಲಸ ಶಾಝಿಯಾ ಅಪ್ಪಂದಲ್ಲ, ನಮ್ಮಪ್ಪಂದು ಅಂತ. ತಿಳೀತಾ?"

ಪ್ರಾರ್ಥನಾ ಗಾಬರಿಯಾದಳು. "ನೋ ಅಮ್ಮ, ಪ್ಲೀಸ್! ಹಾಗ್ ಹೇಳಿದ್ರೆ ಎಲ್ರೂ ನನ್ನನ್ನ ಹಾಗ್ ಕರೀತಾರೆ." ಆಮೇಲೆ ಮುಂದೆ ಬಗ್ಗಿ, ಅಪ್ಪನ ಭುಜ ಹಿಡಿದು, "ಅಪ್ಪ, ಬೇರೆ ಯಾರಾದ್ರೂ ಮಾಡಿದ್ದು ಅಂತ ಹೇಳ್ಲಾ? ಯಾರೋ ಒಬ್ರು?" ಎಂದಳು.

ನಮ್ಮವರು ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದರು. ಎರಡೂ ಕೈಯನ್ನು ಸ್ಟಿಯರಿಂಗಿನ ಮೇಲಿಟ್ಟುಕೊಂಡು, ತಮ್ಮ ಬೆರಳುಗಳನ್ನೇ ನೋಡುತ್ತ ಕೂತರು. ಅತ್ತೆ ಡಬ್ಬಿಯನ್ನು ಮಡಿಲಲ್ಲಿ ಹಿಡಿದು ಮುಂದೆ ನೋಡುತ್ತಿದ್ದರು, ಮಗನಿಗೆ ಒಂದು ಮಾತಿನ ಸಹಾಯವನ್ನೂ ಮಾಡಲಿಲ್ಲ.

"ಬೇಡ ಪುಟ್ಟ" ಎಂದರು ನಮ್ಮವರು ಕೊನೆಗೆ. "ನಾಳೆ ನಾನೇ ನಿನ್ನ ಕ್ಲಾಸಿಗೆ ಬಂದು ಹೇಳ್ತೀನಿ. ಆಮೇಲೆ ಅವರು ನಿನ್ನನ್ನ ಹಾಗೆ ಕರೆದ್ರೆ, ಕರೀಲಿ."